ಎಟ್ರಿಂಗೈಟ್

ಎಟ್ರಿಂಗೈಟ್ ಎಂಬುದು ಕ್ಯಾಲ್ಸಿಯಂ ಮತ್ತು ಅಲ್ಯೂಮಿನಿಯಂಗಳ ಜಲಯುಕ್ತ ಸಲ್ಫೇಟ್ ಖನಿಜ. ಬಣ್ಣವಿಲ್ಲದ ಅಥವಾ ಬಿಳಿಯ, ಸೂಜಿಯಂತೆ ನೀಳವಾದ ಆರುಮುಖದ ಹರಳುಗಳಾಗಿ ಇದು ಬೆಳೆಯುತ್ತದೆ. ತೂಕದಲ್ಲಿ ನೂರಕ್ಕೆ ಸುಮಾರು 46 ಪಾಲು ನೀರೇ ಆಗಿರುವುದು ಇದರ ಮುಖ್ಯ ಲಕ್ಷಣ. ಇದರ ಹಗುರತನ, ಮೆದುತನ, ಬಿಸಿ ತಾಳದ ಸ್ವಭಾವ, ಬೆಳೆಯುವಾಗ ಸುತ್ತಲಿನದನ್ನು ಒತ್ತುವ ಬಲ ಎಲ್ಲಕ್ಕೂ ಈ ನೀರೇ ಮೂಲ. ಬಂಡೆಗಳಲ್ಲಿ ಎಟ್ರಿಂಗೈಟ್ ಅಪರೂಪ. ಲೋಕದ ಕೆಲವೇ ನೆಲೆಗಳಲ್ಲಿ, ಬಹುಪಾಲು ಚಿಕ್ಕ ಹರಳುಗಳಾಗಿ ಸಿಗುತ್ತದೆ. ಆದರೆ ಪೋರ್ಟ್‌ಲೆಂಡ್ ಸಿಮೆಂಟಿಗೆ ನೀರು ಬೆರೆಸಿದ ಕೆಲವು ನಿಮಿಷಗಳಲ್ಲೇ ಇದೇ ವಸ್ತು ಮೈದಳೆಯುವುದರಿಂದ, ಕಾಂಕ್ರೀಟು ಹಾಗೂ ಗಾರೆಯ ರೂಪದಲ್ಲಿ ಮನುಷ್ಯರು ವಾಸಿಸುವ ಕಡೆಯೆಲ್ಲ ಇದು ಇದೆ. ಖನಿಜವಿಜ್ಞಾನಿಗಳು ಇದನ್ನು ಅಪರೂಪದ ಸಲ್ಫೇಟ್ ಎಂದು ದಾಖಲಿಸಿದರೆ, ಸಿಮೆಂಟ್ ರಸಾಯನಜ್ಞರಿಗೆ ಇದು ದಿನನಿತ್ಯದ ಪದಾರ್ಥ.

ಹೆಸರು ಮತ್ತು ಶೋಧ

ಜರ್ಮನಿಯ ಐಫೆಲ್ ಪ್ರದೇಶದಲ್ಲಿ, ಮಾಯೆನ್ ಪಟ್ಟಣಕ್ಕೆ ಹತ್ತಿರವಿರುವ ಎಟ್ರಿಂಗೆನ್ ಎಂಬ ಊರಿನಿಂದ ಈ ಹೆಸರು ಬಂದಿದೆ. ಊರಿನ ಪಕ್ಕದ ಬೆಲ್ಲರ್‌ಬೆರ್ಗ್ ಸುಮಾರು ಎರಡು ಲಕ್ಷ ವರ್ಷಗಳ ಹಿಂದೆ ಲಾವಾ ಉಗುಳಿದ ಜ್ವಾಲಾಮುಖಿ. ಅದರ ಲಾವಾಶಿಲೆಯನ್ನು ರೋಮನ್ನರ ಕಾಲದಿಂದಲೂ ಬೀಸುಕಲ್ಲಿಗಾಗಿ ಕಡಿಯುತ್ತ ಬಂದಿದ್ದಾರೆ. ಲಾವಾ ಮೇಲೇರುವಾಗ ಆಳದಿಂದ ಕಿತ್ತು ತಂದ ಸುಣ್ಣಕಲ್ಲಿನ ತುಂಡುಗಳು ಈ ಶಿಲೆಯೊಳಗೆ ಅಲ್ಲಲ್ಲಿ ಹುದುಗಿವೆ. ಅಂಥ ತುಂಡುಗಳ ಸಂದುಗಳಲ್ಲಿ ಕಂಡ ಸೂಜಿಯಾಕಾರದ ಹರಳುಗಳನ್ನು ಜೆ. ಲೇಮಾನ್ 1874ರಲ್ಲಿ ಹೊಸ ಖನಿಜವೆಂದು ವರ್ಣಿಸಿ, ಎಟ್ರಿಂಗೈಟ್ ಎಂದು ಕರೆದರು.

ಸಿಮೆಂಟಿನಲ್ಲಿ ಇದೇ ಸಂಯುಕ್ತ ಇರುವುದು ಬೇರೆಯೇ ದಾರಿಯಿಂದ ಗೊತ್ತಾಯಿತು. 1890ರಲ್ಲಿ ಫ್ರಾನ್ಸಿನ ಕಾಂಡ್ಲೊ, ಕ್ಯಾಲ್ಸಿಯಂ ಅಲ್ಯೂಮಿನೇಟ್ ಮತ್ತು ಜಿಪ್ಸಮ್ ದ್ರಾವಣದಿಂದ ಈ ಲವಣವನ್ನು ತಯಾರಿಸಿದರು. ಹಳೆಯ ಬರಹಗಳಲ್ಲಿ ಕಾಂಡ್ಲೊ ಲವಣ ಎಂಬ ಹೆಸರು ಬರುವುದು ಇದಕ್ಕೇ. ಎರಡು ವರ್ಷಗಳ ಬಳಿಕ ಜರ್ಮನಿಯ ಮಿಖಾಯೆಲಿಸ್, ಸಮುದ್ರದ ನೀರಿನಲ್ಲಿ ಕಾಂಕ್ರೀಟು ಬಿರಿಯುವುದಕ್ಕೆ ಈ ಲವಣ ಕಾರಣವೆಂದು ತೋರಿಸಿ, ಇದನ್ನು ‘ಸಿಮೆಂಟಿನ ಬ್ಯಾಸಿಲಸ್’ ಎಂದು ಕರೆದರು. ಸೂಕ್ಷ್ಮದರ್ಶಕದಲ್ಲಿ ಕಡ್ಡಿಯಾಕಾರದ ಬ್ಯಾಕ್ಟೀರಿಯದಂತೆ ಕಾಣುವ ಹರಳುಗಳ ರೂಪ, ಒಳಗಿನಿಂದಲೇ ಕೆಡಿಸುವ ಗುಣ ಎರಡನ್ನೂ ಆ ಹೆಸರು ಹಿಡಿದಿಟ್ಟಿತು. ಆದರೆ ಅದು ಖನಿಜದ ಒಂದೇ ಮುಖವನ್ನು ಹೇಳುತ್ತದೆ. ಸಿಮೆಂಟು ಕೆಲಸಕ್ಕೆ ಒದಗುವಂತೆ ಮಾಡುವುದೂ ಇದೇ ಹರಳು.

ರಾಸಾಯನಿಕ ಸಂಯೋಜನೆ

ಎಟ್ರಿಂಗೈಟಿನ ಒಂದು ಸೂತ್ರಘಟಕದಲ್ಲಿ ಆರು ಕ್ಯಾಲ್ಸಿಯಂ, ಎರಡು ಅಲ್ಯೂಮಿನಿಯಂ, ಮೂರು ಸಲ್ಫೇಟ್, ಹನ್ನೆರಡು ಹೈಡ್ರಾಕ್ಸಿಲ್ ಮತ್ತು ಇಪ್ಪತ್ತಾರು ನೀರಿನ ಅಣುಗಳಿವೆ. ಸಿಮೆಂಟ್ ರಸಾಯನಶಾಸ್ತ್ರದಲ್ಲಿ ಇದನ್ನೇ ಆಕ್ಸೈಡುಗಳ ಲೆಕ್ಕದಲ್ಲಿ ಬರೆಯುವ ರೂಢಿ ಇದೆ: ಒಂದು ಟ್ರೈಕ್ಯಾಲ್ಸಿಯಂ ಅಲ್ಯೂಮಿನೇಟ್, ಮೂರು ಕ್ಯಾಲ್ಸಿಯಂ ಸಲ್ಫೇಟ್, ಮೂವತ್ತೆರಡು ನೀರು. ಖನಿಜಶಾಸ್ತ್ರದ ಪುಸ್ತಕದಲ್ಲಿ ಇಪ್ಪತ್ತಾರು, ಸಿಮೆಂಟಿನ ಪುಸ್ತಕದಲ್ಲಿ ಮೂವತ್ತೆರಡು ಎಂಬ ವ್ಯತ್ಯಾಸ ಓದುಗರನ್ನು ಹಲವು ಸಲ ಗೊಂದಲಕ್ಕೆ ತಳ್ಳುತ್ತದೆ. ಇದು ತಪ್ಪಲ್ಲ. ಹನ್ನೆರಡು ಹೈಡ್ರಾಕ್ಸಿಲ್‌ಗಳು ಆರು ನೀರಿನ ಅಣುಗಳಿಗೆ ಸಮವೆಂದು ಎಣಿಸಿದಾಗ ಎರಡೂ ಲೆಕ್ಕ ಒಂದೇ ಆಗುತ್ತವೆ.

ತೂಕದ ಪ್ರಮಾಣದಲ್ಲಿ ಕ್ಯಾಲ್ಸಿಯಂ ಆಕ್ಸೈಡ್ ಶೇ. 26.8, ಗಂಧಕದ ಟ್ರೈಆಕ್ಸೈಡ್ ಶೇ. 19.1, ಅಲ್ಯೂಮಿನ ಶೇ. 8.1 ಮತ್ತು ನೀರು ಶೇ. 45.9. ಹೋಲಿಕೆಗೆ, ಪರಿಚಿತ ಸಲ್ಫೇಟಾದ ಜಿಪ್ಸಮ್‌ನಲ್ಲಿ ನೀರು ಶೇ. 21ರಷ್ಟು ಮಾತ್ರ. ಮಿರಾಬಿಲೈಟ್‌ನಂಥ ಸೋಡಿಯಂ ಸಲ್ಫೇಟಿನಲ್ಲಿ ಇನ್ನೂ ಹೆಚ್ಚು ನೀರಿದೆ, ಆದರೆ ಅದು ನೀರಿನಲ್ಲಿ ಸಲೀಸಾಗಿ ಕರಗಿಹೋಗುವ ಲವಣ. ಇಷ್ಟೊಂದು ನೀರನ್ನು ಒಳಗಿಟ್ಟುಕೊಂಡೂ ನೀರಿನಲ್ಲಿ ಅತ್ಯಲ್ಪವಾಗಿ ಕರಗುವುದು ಎಟ್ರಿಂಗೈಟಿನ ವಿಶೇಷ.

ಹರಳಿನ ರಚನೆ

ಎಟ್ರಿಂಗೈಟ್ ತ್ರಿಕೋನೀಯ ವ್ಯೂಹಕ್ಕೆ ಸೇರಿದೆ. ಇದರ ಏಕಕೋಶದ ಅಡ್ಡಳತೆ ಸುಮಾರು 1.12 ನ್ಯಾನೊಮೀಟರ್, ಎತ್ತರ ಸುಮಾರು 2.14 ನ್ಯಾನೊಮೀಟರ್. ಎ. ಇ. ಮೂರ್ ಮತ್ತು ಎಚ್. ಎಫ್. ಡಬ್ಲ್ಯು. ಟೇಲರ್ 1968 ಹಾಗೂ 1970ರಲ್ಲಿ ಪ್ರಕಟಿಸಿದ ಅಧ್ಯಯನಗಳಲ್ಲಿ ಈ ರಚನೆ ಸ್ಪಷ್ಟವಾಯಿತು.

ರಚನೆಯ ಆಧಾರ ಕಂಬಗಳು. ಹರಳಿನ ಉದ್ದಕ್ಕೆ ಸಮಾನಾಂತರವಾಗಿ ನಿಂತ ಪ್ರತಿ ಕಂಬದಲ್ಲೂ ಆರು ಹೈಡ್ರಾಕ್ಸಿಲ್‌ಗಳು ಸುತ್ತುವರಿದ ಒಂದು ಅಲ್ಯೂಮಿನಿಯಂ ಅಷ್ಟಮುಖಿ, ಅದರ ಮೇಲೆ ಮೂರು ಕ್ಯಾಲ್ಸಿಯಂಗಳ ಒಂದು ಗುಂಪು, ಮತ್ತೆ ಅಷ್ಟಮುಖಿ, ಮತ್ತೆ ಕ್ಯಾಲ್ಸಿಯಂ ಗುಂಪು ಎಂಬ ಕ್ರಮ ಮುಂದುವರಿಯುತ್ತದೆ. ಪ್ರತಿ ಕ್ಯಾಲ್ಸಿಯಂ ಸುತ್ತ ಎಂಟು ಆಕ್ಸಿಜನ್‌ಗಳಿವೆ. ನಾಲ್ಕು, ಮೇಲಿನ ಮತ್ತು ಕೆಳಗಿನ ಅಷ್ಟಮುಖಿಗಳೊಡನೆ ಹಂಚಿಕೊಂಡ ಹೈಡ್ರಾಕ್ಸಿಲ್‌ಗಳವು. ಉಳಿದ ನಾಲ್ಕು ನೀರಿನ ಅಣುಗಳವು. ಆರು ಕ್ಯಾಲ್ಸಿಯಂಗಳಿಗೆ ತಲಾ ನಾಲ್ಕರಂತೆ ಇಪ್ಪತ್ತನಾಲ್ಕು ನೀರಿನ ಅಣುಗಳು ಕಂಬದ ಹೊರಮೈಯನ್ನು ಹೊದಿಕೆಯಂತೆ ಆವರಿಸಿರುತ್ತವೆ. ಸೂತ್ರದಲ್ಲಿರುವ ಇಪ್ಪತ್ತಾರರಲ್ಲಿ ಉಳಿದ ಎರಡು ಅಣುಗಳ ಜಾಗ ಬೇರೆ.

ಕಂಬಗಳು ಧನ ವಿದ್ಯುದಂಶ ಹೊಂದಿವೆ. ಅವುಗಳ ನಡುವಿನ ಓಣಿಗಳಲ್ಲಿ ಋಣ ವಿದ್ಯುದಂಶದ ಸಲ್ಫೇಟ್ ಚತುರ್ಮುಖಿಗಳು ಕುಳಿತು ಸಮತೋಲ ತರುತ್ತವೆ. ಒಂದು ಸೂತ್ರಘಟಕಕ್ಕೆ ಓಣಿಯಲ್ಲಿ ನಾಲ್ಕು ತಾಣಗಳಿವೆ. ಮೂರರಲ್ಲಿ ಸಲ್ಫೇಟ್, ನಾಲ್ಕನೆಯದರಲ್ಲಿ ಆ ಎರಡು ನೀರಿನ ಅಣುಗಳು. ಕಂಬವೂ ಓಣಿಯೂ ಪರಸ್ಪರ ಹಿಡಿದುಕೊಂಡಿರುವುದು ವಿದ್ಯುದಾಕರ್ಷಣೆ ಹಾಗೂ ಹೈಡ್ರೋಜನ್ ಬಂಧಗಳಿಂದ. ಕಂಬದೊಳಗಿನ ಬಂಧಗಳಷ್ಟು ಇವು ಬಲವಾದವಲ್ಲ.

ಈ ಏರ್ಪಾಡಿನಿಂದ ಖನಿಜದ ಹಲವು ಗುಣಗಳು ನೇರವಾಗಿ ಹೊಮ್ಮುತ್ತವೆ. ಕಂಬದ ದಿಕ್ಕಿನಲ್ಲಿ ಬೆಳವಣಿಗೆ ಚುರುಕಾಗಿರುವುದರಿಂದ ಹರಳು ಸೂಜಿಯಾಗುತ್ತದೆ. ಕಂಬಗಳ ನಡುವಿನ ಹಿಡಿತ ಸಡಿಲವಾದ್ದರಿಂದ ಹರಳು ಉದ್ದಕ್ಕೆ ಸುಲಭವಾಗಿ ಸೀಳುತ್ತದೆ. ಓಣಿಯ ಸಲ್ಫೇಟಿನ ಜಾಗಕ್ಕೆ ಕಾರ್ಬೊನೇಟ್, ಬೋರೇಟ್, ಸಲ್ಫೈಟ್, ಕ್ರೋಮೇಟ್, ಸೆಲಿನೇಟ್‌ನಂಥ ಅಯಾನುಗಳು ಬಂದು ಕೂರಬಲ್ಲವು. ಕಂಬದ ಅಲ್ಯೂಮಿನಿಯಂ ಜಾಗಕ್ಕೆ ಕಬ್ಬಿಣ, ಕ್ರೋಮಿಯಂ, ಮ್ಯಾಂಗನೀಸ್, ಸಿಲಿಕಾನ್, ಜರ್ಮೇನಿಯಂ ಬರಬಲ್ಲವು. ಈ ಬದಲಾವಣೆಗಳೇ ಮುಂದೆ ಹೇಳುವ ಗುಂಪಿನ ಬೇರೆ ಬೇರೆ ಖನಿಜಗಳಿಗೆ ಕಾರಣ.

ಭೌತ ಗುಣಗಳು

ಶುದ್ಧ ಎಟ್ರಿಂಗೈಟ್ ಬಣ್ಣವಿಲ್ಲದ ಪಾರದರ್ಶಕ ಹರಳು. ಸೂಜಿಗಳು ಒತ್ತಾಗಿ ಸೇರಿದಾಗ ಬಿಳಿಯ ರೇಷ್ಮೆಯ ಎಳೆಗಳಂತೆ ಕಾಣುತ್ತದೆ. ಕಬ್ಬಿಣ ಸೇರಿದಾಗ ಹಳದಿ ಬಣ್ಣ ಬರುತ್ತದೆ. ಒರೆ ಬಿಳಿ, ಹೊಳಪು ಗಾಜಿನಂಥದು. ಮೋಸ್ ಅಳತೆಯಲ್ಲಿ ಗಡಸುತನ 2ರಿಂದ 2.5, ಅಂದರೆ ಉಗುರಿನಿಂದ ಗೀರಿದರೂ ಗುರುತು ಬೀಳುವ ಮಟ್ಟ. ಸಾಪೇಕ್ಷ ಸಾಂದ್ರತೆ ಸುಮಾರು 1.77. ಜಿಪ್ಸಮ್‌ನ 2.3, ಬೆಣಚುಕಲ್ಲಿನ 2.65ರ ಪಕ್ಕದಲ್ಲಿಟ್ಟು ನೋಡಿದರೆ ಇದು ಬಹಳ ಹಗುರ.

ದ್ಯುತಿಗುಣದಲ್ಲಿ ಇದು ಏಕಾಕ್ಷ ಋಣ ಖನಿಜ. ವಕ್ರೀಭವನಾಂಕ ಕಡಿಮೆ, ಸಂಯೋಜನೆಯನ್ನು ಅನುಸರಿಸಿ 1.46ರಿಂದ 1.49ರವರೆಗೆ ಇರುತ್ತದೆ. ದ್ವಿವಕ್ರೀಭವನವೂ ಅಲ್ಪ. ಹಾಗಾಗಿ ಧ್ರುವೀಕೃತ ಬೆಳಕಿನಲ್ಲಿ ತೆಳುಶಿಲಾಛೇದವನ್ನು ನೋಡಿದಾಗ ಇದು ಮಂದವಾದ ಬೂದು ಬಣ್ಣದಲ್ಲಿ ಕಾಣುತ್ತದೆ, ಸುಲಭವಾಗಿ ಕಣ್ತಪ್ಪಿಯೂ ಹೋಗುತ್ತದೆ.

ಬಿಸಿ, ಕ್ಷಾರ ಮತ್ತು ಗಾಳಿ

ಒಣ ಗಾಳಿಯಲ್ಲಿ ಸುಮಾರು 50ರಿಂದ 60 ಡಿಗ್ರಿ ಸೆಲ್ಸಿಯಸ್ ಶಾಖಕ್ಕೇ ಎಟ್ರಿಂಗೈಟ್ ನೀರು ಬಿಡತೊಡಗುತ್ತದೆ. ಮೊದಲು ಹೋಗುವುದು ಓಣಿಯ ನೀರು, ಆಮೇಲೆ ಕಂಬಗಳ ಹೊದಿಕೆಯ ನೀರು. 110 ಡಿಗ್ರಿ ಆಸುಪಾಸಿಗೆ ಬರುವ ಹೊತ್ತಿಗೆ ಬಹುಪಾಲು ನೀರು ಹೋಗಿ, ಕಂಬಗಳ ಕ್ರಮ ಕುಸಿದು, ನಿಯತ ರಚನೆಯಿಲ್ಲದ ಪದಾರ್ಥ ಉಳಿಯುತ್ತದೆ. ಇದಕ್ಕೆ ಮೆಟಾಎಟ್ರಿಂಗೈಟ್ ಎಂದು ಹೆಸರು. ಪಾರದರ್ಶಕವಾಗಿದ್ದ ಹರಳು ಸುಣ್ಣದಂತೆ ಬೆಳ್ಳಗಾಗುತ್ತದೆ, ಆದರೆ ಸೂಜಿಯ ಹೊರ ಆಕಾರ ಹಾಗೇ ಉಳಿಯಬಹುದು. ತೇವ ಸಿಕ್ಕರೆ ಮೆಟಾಎಟ್ರಿಂಗೈಟ್ ನೀರನ್ನು ಮತ್ತೆ ಹೀರಿಕೊಂಡು ಎಟ್ರಿಂಗೈಟ್ ಆಗುತ್ತದೆ. ನೀರಿನಲ್ಲಿ ಮುಳುಗಿರುವಾಗ ಮಾತ್ರ ಈ ಖನಿಜ ಇನ್ನೂ ಹೆಚ್ಚಿನ ಶಾಖವನ್ನು ತಾಳುತ್ತದೆ. ಬಿಸಿಯೊಂದನ್ನೇ ಲೆಕ್ಕ ಹಾಕಿದರೆ ಸಾಲದು, ಸುತ್ತಲಿನ ತೇವವನ್ನೂ ಹೇಳಬೇಕಾಗುತ್ತದೆ.

ಇದರ ಉಳಿವಿಗೆ ಪ್ರಬಲ ಕ್ಷಾರ ಬೇಕು. ದ್ರಾವಣದ ಪಿಎಚ್ ಸುಮಾರು 10.7ಕ್ಕಿಂತ ಕೆಳಗಿಳಿದರೆ ಎಟ್ರಿಂಗೈಟ್ ಒಡೆದು ಜಿಪ್ಸಮ್ ಮತ್ತು ಅಲ್ಯೂಮಿನಿಯಂ ಹೈಡ್ರಾಕ್ಸೈಡ್ ಆಗುತ್ತದೆ. ದುರ್ಬಲ ಆಮ್ಲದಲ್ಲೂ ಬೇಗ ಕರಗುತ್ತದೆ. ಗಾಳಿಯ ಇಂಗಾಲದ ಡೈಆಕ್ಸೈಡ್ ತೇವದೊಡನೆ ತಗಲುತ್ತಿದ್ದರೆ ಇದು ನಿಧಾನವಾಗಿ ಕ್ಯಾಲ್ಸಿಯಂ ಕಾರ್ಬೊನೇಟ್, ಜಿಪ್ಸಮ್ ಮತ್ತು ಅಲ್ಯೂಮಿನದ ಲೋಳೆಯಾಗಿ ಬದಲಾಗುತ್ತದೆ. ಬಂಡೆಗಳಲ್ಲಿ ಎಟ್ರಿಂಗೈಟ್ ಅಪರೂಪವಾಗಿರುವುದಕ್ಕೆ ವಿವರಣೆ ಇಲ್ಲಿದೆ. ಮಳೆನೀರು, ಮಣ್ಣಿನ ನೀರು, ಹೆಚ್ಚಿನ ಅಂತರ್ಜಲ ಯಾವುದೂ ಇಷ್ಟು ಕ್ಷಾರೀಯವಲ್ಲ. ಒಂದು ಕಡೆ ಎಟ್ರಿಂಗೈಟ್ ಹುಟ್ಟಿದರೂ ಬಹುಕಾಲ ಬಾಳಲು ಸುತ್ತಲೂ ಸುಣ್ಣದ ತಿಳಿಯಂಥ ನೀರೇ ಇರಬೇಕು.

ವರ್ಗೀಕರಣ

ಸ್ಟ್ರುಂಟ್ಸ್ ಪದ್ಧತಿಯಲ್ಲಿ ಖನಿಜಗಳನ್ನು ಹತ್ತು ವರ್ಗಗಳಾಗಿ ಹಂಚಿದೆ. ಏಳನೆಯದು ಸಲ್ಫೇಟುಗಳು ಮತ್ತು ಅವುಗಳ ಬಂಧುಗಳಾದ ಕ್ರೋಮೇಟ್, ಮಾಲಿಬ್ಡೇಟ್, ಟಂಗ್‌ಸ್ಟೇಟುಗಳದು. ಸಲ್ಫೇಟುಗಳನ್ನು ವಿಂಗಡಿಸಲು ಎರಡು ಪ್ರಶ್ನೆ ಕೇಳಲಾಗುತ್ತದೆ: ಸಲ್ಫೇಟಿನ ಜತೆಗೆ ಬೇರೆ ಋಣ ಅಯಾನು ಇದೆಯೇ, ನೀರು ಇದೆಯೇ. ಬೆರೈಟ್ ಎರಡೂ ಇಲ್ಲದ್ದು. ಜಿಪ್ಸಮ್‌ನಲ್ಲಿ ನೀರಿದೆ, ಬೇರೆ ಅಯಾನಿಲ್ಲ. ಅಲ್ಯುನೈಟ್, ಜಾರೊಸೈಟ್‌ಗಳಲ್ಲಿ ಹೈಡ್ರಾಕ್ಸಿಲ್ ಇದೆ, ಬಿಡಿ ನೀರಿಲ್ಲ. ಎಟ್ರಿಂಗೈಟಿನಲ್ಲಿ ಎರಡೂ ಇವೆ. ಇಂಥವುಗಳಲ್ಲಿ ದೊಡ್ಡ ಮತ್ತು ಮಧ್ಯಮ ಗಾತ್ರದ ಧನ ಅಯಾನುಗಳುಳ್ಳ, ಕಾರ್ಬೊನೇಟ್ ಅಥವಾ ಬೋರೇಟ್‌ನಂಥ ಗುಂಪುಗಳನ್ನೂ ಸೇರಿಸಿಕೊಳ್ಳುವ ಖನಿಜಗಳ ಪಂಗಡದಲ್ಲಿ ಇದಕ್ಕೆ 7.ಡಿಜಿ.15 ಎಂಬ ಸ್ಥಾನ ಕೊಡಲಾಗಿದೆ.

ಅದೇ ಕಂಬ ಮತ್ತು ಓಣಿಗಳ ರಚನೆಯುಳ್ಳ ಖನಿಜಗಳನ್ನೆಲ್ಲ ಸೇರಿಸಿ ಎಟ್ರಿಂಗೈಟ್ ಗುಂಪು ಎನ್ನುತ್ತಾರೆ. ಇವುಗಳನ್ನು ಬೇರ್ಪಡಿಸುವುದು ಕಂಬದ ಮಧ್ಯದಲ್ಲಿ ಯಾವ ಧಾತು ಇದೆ, ಓಣಿಯಲ್ಲಿ ಯಾವ ಅಯಾನು ಇದೆ ಎಂಬ ಎರಡು ಸಂಗತಿ.

ಅಲ್ಯೂಮಿನಿಯಂ ಜಾಗದಲ್ಲಿ ಕ್ರೋಮಿಯಂ ಮೇಲುಗೈ ಪಡೆದರೆ ಅದು ಬೆಂಟೊರೈಟ್. ನೇರಳೆ ಬಣ್ಣದ ಈ ಖನಿಜವನ್ನು 1980ರಲ್ಲಿ ಇಸ್ರೇಲಿನ ಹತ್ರೂರಿಮ್ ಶಿಲಾಸಮೂಹದಿಂದ ವರ್ಣಿಸಲಾಯಿತು. ಕಬ್ಬಿಣ ಪ್ರಧಾನವಾಗಿದ್ದು ಓಣಿಯಲ್ಲಿ ಬೋರೇಟ್ ಕೂಡ ಇದ್ದರೆ ಸ್ಟರ್ಮನೈಟ್. ದಕ್ಷಿಣ ಆಫ್ರಿಕದ ಕಲಹಾರಿ ಮ್ಯಾಂಗನೀಸ್ ಗಣಿಗಳ ಹೊಳೆಯುವ ಹಳದಿ ಹರಳುಗಳಿಗೆ 1983ರಲ್ಲಿ ಈ ಹೆಸರು ಬಂತು. ಅದೇ ವರ್ಷ ಅಮೆರಿಕದ ನ್ಯೂಜೆರ್ಸಿಯ ಫ್ರ್ಯಾಂಕ್ಲಿನ್ ಗಣಿಯಿಂದ ಬೋರೇಟ್‌ಯುಕ್ತವಾದ ಮತ್ತೊಂದು ಸದಸ್ಯ ಚಾರ್ಲ್ಸೈಟ್ ಬೆಳಕಿಗೆ ಬಂತು. ಖನಿಜವಿಜ್ಞಾನಿ ಚಾರ್ಲ್ಸ್ ಪಲಾಶ್ ಅವರ ನೆನಪಿಗಾಗಿ ಅದಕ್ಕೆ ಆ ಹೆಸರು.

ಕಂಬದಲ್ಲಿ ನಾಲ್ಕು ಧನಾಂಶದ ಧಾತು ಕುಳಿತಾಗ ಲೆಕ್ಕವೇ ಬದಲಾಗುತ್ತದೆ. ಕಂಬದ ವಿದ್ಯುದಂಶ ಹೆಚ್ಚುವುದರಿಂದ ಓಣಿಯಲ್ಲಿ ಇನ್ನೂ ಹೆಚ್ಚು ಋಣ ಅಯಾನುಗಳು ಬೇಕಾಗುತ್ತವೆ. ನೀರಿಗಿದ್ದ ನಾಲ್ಕನೆಯ ತಾಣವೂ ಅಯಾನಿನಿಂದಲೇ ತುಂಬುತ್ತದೆ. ಥಾಮಸೈಟ್ ಇದಕ್ಕೆ ಮುಖ್ಯ ಉದಾಹರಣೆ. ಇದರ ಕಂಬದಲ್ಲಿ ಸಿಲಿಕಾನ್, ಓಣಿಯಲ್ಲಿ ಸಮಪ್ರಮಾಣದ ಸಲ್ಫೇಟ್ ಮತ್ತು ಕಾರ್ಬೊನೇಟ್ ಇವೆ. ಸ್ವೀಡನ್ನಿನ ಓರೆಸ್ಕುಟನ್ ಎಂಬಲ್ಲಿಂದ ಎ. ಇ. ನೂರ್ಡೆನ್‌ಶೋಲ್ಡ್ 1878ರಲ್ಲಿ ಇದನ್ನು ವರ್ಣಿಸಿದರು. ಅಚ್ಚರಿಪಡು ಎಂಬರ್ಥದ ಗ್ರೀಕ್ ಪದದಿಂದ ಹೆಸರು ಬಂದಿದೆ. ಹೆಸರಿಗೆ ಸಕಾರಣವಾದ ಅಚ್ಚರಿ ಇಲ್ಲಿದೆ: ಕಾರ್ಬೊನೇಟ್, ಸಲ್ಫೇಟ್, ಸಿಲಿಕಾನ್ ಮೂರೂ ಒಂದೇ ಹರಳಿನಲ್ಲಿ ಕೂಡಿವೆ. ರಚನೆ ತಿಳಿದ ಮೇಲೆ ಇನ್ನೊಂದು ಅಚ್ಚರಿ ಸೇರಿತು. ಭೂಮಿಯ ಮೇಲ್ಪದರದ ಖನಿಜಗಳಲ್ಲಿ ಸಿಲಿಕಾನ್ ಸಾಮಾನ್ಯವಾಗಿ ನಾಲ್ಕು ಆಕ್ಸಿಜನ್‌ಗಳ ನಡುವೆ ಕೂರುತ್ತದೆ. ಥಾಮಸೈಟಿನಲ್ಲಿ ಅದರ ಸುತ್ತ ಆರು ಹೈಡ್ರಾಕ್ಸಿಲ್‌ಗಳಿವೆ.

ಸಿಲಿಕಾನ್ ಬದಲು ಮ್ಯಾಂಗನೀಸ್ ಬಂದರೆ ಜೂರಾವ್‌ಸ್ಕೈಟ್, ಮೊರಾಕೊ ಇದರ ಮೂಲ ನೆಲೆ. ಜರ್ಮೇನಿಯಂ ಬಂದರೆ ಕರಾರೈಟ್, ಅಮೃತಶಿಲೆಗೆ ಹೆಸರಾದ ಇಟಲಿಯ ಕರಾರದಿಂದ ದೊರೆತದ್ದು. ಕಾರ್ಬೊನೇಟ್ ಇಲ್ಲದೆ ಸಲ್ಫೇಟ್ ಮಾತ್ರ ಇರುವ ಸಿಲಿಕಾನ್ ಸದಸ್ಯ ಕೊಟ್ಟೆನ್‌ಹೈಮೈಟ್. ಸಲ್ಫೇಟಿನ ಜತೆಗೆ ಸಲ್ಫೈಟ್ ಇರುವುದು ಹೀಲ್ಷರೈಟ್. ಇವೆರಡೂ ಐಫೆಲ್ ಪ್ರದೇಶದವೇ. ಒಂದೇ ಹರಳಿನಲ್ಲಿ ಒಳಪದರ ಎಟ್ರಿಂಗೈಟ್ ಆಗಿ ಹೊರಪದರ ಸ್ಟರ್ಮನೈಟ್ ಆಗಿರುವುದೂ ಉಂಟು. ಹಾಗಾಗಿ ಕಲಹಾರಿಯ ಹಳದಿ ಹರಳನ್ನು ಕಣ್ಣಿನಿಂದ ನೋಡಿ ಹೆಸರಿಸಲಾಗದು, ರಾಸಾಯನಿಕ ವಿಶ್ಲೇಷಣೆ ಬೇಕೇ ಬೇಕು.

ಸಿಮೆಂಟ್ ರಸಾಯನಶಾಸ್ತ್ರದಲ್ಲಿ ಬಳಕೆಯಲ್ಲಿರುವುದು ಬೇರೆ ಹೆಸರಿನ ವಿಂಗಡಣೆ. ಎಟ್ರಿಂಗೈಟ್ ರಚನೆಯುಳ್ಳ ಎಲ್ಲ ಪದಾರ್ಥಗಳಿಗೂ ಎಎಫ್‌ಟಿ ಎಂದು ಹೆಸರು: ಅಲ್ಯೂಮಿನ, ಕಬ್ಬಿಣದ ಆಕ್ಸೈಡ್ ಮತ್ತು ಮೂರು ಸಲ್ಫೇಟ್ ಎಂಬುದರ ಸಂಕ್ಷೇಪ. ಒಂದೇ ಸಲ್ಫೇಟ್ ಇರುವ, ಪದರಪದರವಾದ ಮಾನೊಸಲ್ಫೇಟ್ ಬಗೆಯವು ಎಎಫ್‌ಎಂ. ಎರಡರ ರಚನೆ ಬೇರೆ ಬೇರೆ. ಹೆಸರಿನ ಹೋಲಿಕೆಯಿಂದ ಒಂದೇ ಗುಂಪೆಂದು ತಿಳಿಯಬಾರದು.

ನಿಸರ್ಗದ ನೆಲೆಗಳು

ಬೆಲ್ಲರ್‌ಬೆರ್ಗ್‌ನಲ್ಲಿ ನಡೆದದ್ದು ನಿಸರ್ಗವೇ ಹೂಡಿದ ಸುಣ್ಣದ ಗೂಡಿನ ಕೆಲಸ. ಲಾವಾದ ಕಾವಿಗೆ ಸುಣ್ಣಕಲ್ಲಿನ ತುಂಡು ಬೆಂದು, ಅದರಲ್ಲಿದ್ದ ಮಣ್ಣಿನ ಅಂಶದೊಡನೆ ಕೂಡಿ, ಕ್ಯಾಲ್ಸಿಯಂ ಸಿಲಿಕೇಟ್ ಮತ್ತು ಅಲ್ಯೂಮಿನೇಟುಗಳಾದವು. ಸಿಮೆಂಟಿಗಾಗಿ ಸುಟ್ಟು ಪಡೆಯುವ ಕ್ಲಿಂಕರ್ ಎಂಬ ಗುಂಡುಗಳಲ್ಲಿ ಕಾಣುವ ಬ್ರೌನ್‌ಮಿಲ್ಲರೈಟ್ ಇಲ್ಲಿ ಸಹಜ ಖನಿಜವಾಗಿ ದೊರೆತಿದೆ. ಪಕ್ಕದ ಪಟ್ಟಣದ ಹೆಸರು ಹೊತ್ತ ಮಾಯೆನೈಟ್ ಎಂಬ ಅಲ್ಯೂಮಿನೇಟ್ ಕೂಡ ಇಲ್ಲಿಯದೇ. ಲಾವಾ ತಣಿದ ಮೇಲೆ ಸಲ್ಫೇಟ್ ಇರುವ ನೀರು ಇವುಗಳ ಸಂದಿಗೆ ಇಳಿದು, ಖಾಲಿ ಜಾಗಗಳಲ್ಲಿ ಎಟ್ರಿಂಗೈಟ್ ಸೂಜಿಗಳನ್ನು ಬೆಳೆಸಿತು.

ಇದೇ ರೀತಿಯ ಕಾಯ್ದ ಸುಣ್ಣಕಲ್ಲಿನ ನೆಲೆ ಉತ್ತರ ಐರ್ಲೆಂಡಿನ ಸ್ಕಾಟ್ ಹಿಲ್. ಸೀಮೆಸುಣ್ಣದ ಶಿಲೆಗೆ ಅಗ್ನಿಶಿಲೆ ನುಗ್ಗಿದ ಅಂಚಿನಲ್ಲಿ ಇಲ್ಲಿ ಎಟ್ರಿಂಗೈಟ್ ಇದೆ. ಸಿಮೆಂಟಿಗೆ ಸಂಬಂಧಪಟ್ಟ ಲಾರ್ನೈಟ್ ಹಾಗೂ ಪೋರ್ಟ್‌ಲೆಂಡೈಟ್ ಖನಿಜಗಳನ್ನೂ ಮೊದಲು ಗುರುತಿಸಿದ್ದು ಈ ಗುಡ್ಡದಲ್ಲೇ. ಹತ್ರೂರಿಮ್‌ನಲ್ಲಿ ಕಾವು ಬಂದದ್ದು ಲಾವಾದಿಂದಲ್ಲ. ಅಲ್ಲಿಯ ಸುಣ್ಣಶಿಲೆಗಳಲ್ಲಿ ಬೆರೆತಿದ್ದ ಸಾವಯವ ಇಂಧನಾಂಶ ಹೊತ್ತಿ ಉರಿದು ಶಿಲೆಗಳನ್ನು ಬೇಯಿಸಿತೆಂಬುದು ಬಹುಮಟ್ಟಿಗೆ ಒಪ್ಪಿತವಾದ ವಿವರಣೆ. ದೊಡ್ಡ ಹರಳುಗಳಿಗೆ ಹೆಸರಾದದ್ದು ಕಲಹಾರಿಯ ಗಣಿಗಳು. ಅಲ್ಲಿ ಬಿಸಿನೀರಿನ ದ್ರಾವಣಗಳಿಂದ ಮ್ಯಾಂಗನೀಸ್ ಅದಿರಿನ ಪೊಟರೆಗಳಲ್ಲಿ ಬೆಳೆದ ಸೆಂಟಿಮೀಟರ್‌ಗಟ್ಟಲೆ ಉದ್ದದ ಹಳದಿ ಹರಳುಗಳನ್ನು ಸಂಗ್ರಾಹಕರು ಹುಡುಕಿ ಕೊಳ್ಳುತ್ತಾರೆ. ಅಮೆರಿಕದ ಫ್ರ್ಯಾಂಕ್ಲಿನ್ ಮತ್ತು ಕ್ರೆಸ್ಟ್‌ಮೋರ್ ಇತರ ನೆಲೆಗಳು.

ಸಿಮೆಂಟಿನಲ್ಲಿ ಎಟ್ರಿಂಗೈಟ್

ಸುಣ್ಣಕಲ್ಲು ಮತ್ತು ಜೇಡಿಯನ್ನು ಸುಮಾರು 1450 ಡಿಗ್ರಿ ಶಾಖದಲ್ಲಿ ಸುಟ್ಟಾಗ ಬರುವ ಕ್ಲಿಂಕರ್ ಗುಂಡುಗಳನ್ನು ಪುಡಿ ಮಾಡುವಾಗ, ನೂರಕ್ಕೆ ಮೂರರಿಂದ ಐದು ಪಾಲು ಜಿಪ್ಸಮ್ ಸೇರಿಸುತ್ತಾರೆ. ಕಲಬುರಗಿ ಜಿಲ್ಲೆಯ ವಾಡಿ, ಸೇಡಂ ಸುತ್ತಲಿನ ಕಾರ್ಖಾನೆಗಳಲ್ಲಾಗಲಿ ಬಾಗಲಕೋಟೆಯಲ್ಲಾಗಲಿ ಕ್ರಮ ಇದೇ. ಜಿಪ್ಸಮ್ ಸೇರಿಸುವ ಉದ್ದೇಶ ಎಟ್ರಿಂಗೈಟ್ ಹುಟ್ಟಿಸುವುದು.

ಕ್ಲಿಂಕರಿನ ನಾಲ್ಕು ಮುಖ್ಯ ಘಟಕಗಳಲ್ಲಿ ಟ್ರೈಕ್ಯಾಲ್ಸಿಯಂ ಅಲ್ಯೂಮಿನೇಟ್ ನೀರಿನೊಡನೆ ಅತಿ ಚುರುಕಾಗಿ ವರ್ತಿಸುತ್ತದೆ. ಜಿಪ್ಸಮ್ ಇಲ್ಲದ ಸಿಮೆಂಟಿಗೆ ನೀರು ಹಾಕಿದರೆ ಕೆಲವೇ ನಿಮಿಷಗಳಲ್ಲಿ ಬಿಸಿಯೇರಿ ಬಿಗಿದುಕೊಳ್ಳುತ್ತದೆ. ಕಲಸುವಷ್ಟರಲ್ಲೇ ಕೆಲಸ ಕೆಡುತ್ತದೆ. ಜಿಪ್ಸಮ್ ಇದ್ದಾಗ ಅದು ಕರಗಿ ಸಲ್ಫೇಟ್ ಒದಗಿಸುತ್ತದೆ. ಅಲ್ಯೂಮಿನೇಟ್ ಕಣಗಳ ಮೈಮೇಲೆ ಎಟ್ರಿಂಗೈಟಿನ ಕಿರುಸೂಜಿಗಳು ಮೂಡಿ, ಮುಂದಿನ ಕ್ರಿಯೆ ನಿಧಾನವಾಗುತ್ತದೆ. ಈ ತಡೆಗೆ ಸೂಜಿಗಳ ಹೊದಿಕೆ ಕಾರಣವೋ, ಕಣದ ಮೈಗೆ ಅಂಟಿದ ಸಲ್ಫೇಟ್ ಅಯಾನುಗಳು ಕಾರಣವೋ ಎಂಬ ಬಗ್ಗೆ ಸಂಶೋಧಕರಲ್ಲಿ ಚರ್ಚೆ ನಡೆದಿದೆ. ಪರಿಣಾಮವಂತೂ ಪ್ರತಿ ಗಾರೆಕೆಲಸದಲ್ಲೂ ಕಾಣುತ್ತದೆ: ಮೇಸ್ತ್ರಿಗೆ ಕಲಸಲು, ಸುರಿಯಲು, ಮಟ್ಟ ಮಾಡಲು ಹೊತ್ತು ಸಿಗುತ್ತದೆ. ಸಾಮಾನ್ಯ ಪೋರ್ಟ್‌ಲೆಂಡ್ ಸಿಮೆಂಟು 30 ನಿಮಿಷಕ್ಕಿಂತ ಮೊದಲು ಬಿಗಿಯತೊಡಗಬಾರದು, 600 ನಿಮಿಷದೊಳಗೆ ಪೂರ್ತಿ ಬಿಗಿದಿರಬೇಕು ಎಂದು ಭಾರತೀಯ ಮಾನಕ ವಿಧಿಸುತ್ತದೆ.

ಜಿಪ್ಸಮ್ ಮುಗಿದ ಮೇಲೂ ಅಲ್ಯೂಮಿನೇಟ್ ಉಳಿದಿದ್ದರೆ ಅದು ಎಟ್ರಿಂಗೈಟಿನೊಡನೆ ವರ್ತಿಸಿ ಮಾನೊಸಲ್ಫೇಟ್ ಆಗುತ್ತದೆ. ಸಿಮೆಂಟಿನಲ್ಲಿ ಸುಣ್ಣಕಲ್ಲಿನ ಪುಡಿಯೂ ಇದ್ದರೆ ಅದರ ಕಾರ್ಬೊನೇಟ್ ಬೇರೊಂದು ಎಎಫ್‌ಎಂ ಪದಾರ್ಥವನ್ನು ರೂಪಿಸುತ್ತದೆ; ಆಗ ಎಟ್ರಿಂಗೈಟ್ ಬದಲಾಗದೆ ಉಳಿಯುತ್ತದೆ.

ಹಿಗ್ಗುವಿಕೆ ಮತ್ತು ಹಾನಿ

ಗಟ್ಟಿಯಾಗದ ಗಾರೆಯಲ್ಲಿ ಎಟ್ರಿಂಗೈಟ್ ಬೆಳೆದರೆ ತೊಂದರೆಯಿಲ್ಲ, ಸುತ್ತಲಿನದು ಸರಿದು ಜಾಗ ಕೊಡುತ್ತದೆ. ಗಟ್ಟಿಯಾದ ಮೇಲೆ ಬೆಳೆದರೆ ಜಾಗವಿಲ್ಲ. ಅಲ್ಯೂಮಿನೇಟ್ ಮತ್ತು ಜಿಪ್ಸಮ್‌ಗಳ ಒಟ್ಟು ಗಾತ್ರಕ್ಕಿಂತ ಅವುಗಳಿಂದ ಹುಟ್ಟುವ ಎಟ್ರಿಂಗೈಟಿನ ಗಾತ್ರ ಸುಮಾರು ಎರಡೂಕಾಲು ಪಟ್ಟು. ಹೆಚ್ಚುವರಿ ಗಾತ್ರವೆಲ್ಲ ಹೊರಗಿನಿಂದ ಬಂದು ಹರಳಿನಲ್ಲಿ ಸೇರಿದ ನೀರಿನದು. ಗಾತ್ರದ ಲೆಕ್ಕವೊಂದೇ ಹಾನಿಯನ್ನು ಪೂರ್ತಿ ವಿವರಿಸುವುದಿಲ್ಲ. ಬಹು ಕಿರಿದಾದ ರಂಧ್ರಗಳಲ್ಲಿ, ಅತಿಸಂತೃಪ್ತ ದ್ರಾವಣದಿಂದ ಬೆಳೆಯುವ ಹರಳು ಗೋಡೆಗಳ ಮೇಲೆ ಹೇರುವ ಒತ್ತಡವೇ ಮುಖ್ಯವೆಂದು ಈಗ ಪರಿಗಣಿಸಲಾಗಿದೆ. ದೊಡ್ಡ ರಂಧ್ರಗಳಲ್ಲಿ ನೆಮ್ಮದಿಯಾಗಿ ಬೆಳೆದ ದೊಡ್ಡ ಸೂಜಿಗಳು ಸಾಮಾನ್ಯವಾಗಿ ನಿರಪಾಯ.

ಹೊರಗಿನ ಸಲ್ಫೇಟ್ ದಾಳಿ ಈ ಹಾನಿಯ ಮೊದಲ ಬಗೆ. ಮಣ್ಣು, ಅಂತರ್ಜಲ, ಸಮುದ್ರ, ಚರಂಡಿ ನೀರಿನ ಸಲ್ಫೇಟ್ ಕಾಂಕ್ರೀಟಿನೊಳಗೆ ಇಳಿದು ಮಾನೊಸಲ್ಫೇಟನ್ನು ಮತ್ತೆ ಎಟ್ರಿಂಗೈಟ್ ಮಾಡುತ್ತದೆ. ಅಂಚು, ಮೂಲೆಗಳು ಮೊದಲು ಬಿರಿದು ಚಕ್ಕೆಯೇಳುತ್ತವೆ. ಅಲ್ಯೂಮಿನೇಟ್ ಕಡಿಮೆಯಿದ್ದರೆ ದಾಳಿಗೆ ಸಿಗುವ ವಸ್ತುವೂ ಕಡಿಮೆ. ಸಲ್ಫೇಟ್ ನಿರೋಧಕ ಸಿಮೆಂಟಿನಲ್ಲಿ ಅದು ಶೇ. 5 ಮೀರಬಾರದೆಂದು ಐಎಸ್ 12330 ಮಾನಕ ಹೇಳುತ್ತದೆ. ಊದುಕುಲುಮೆಯ ಕಿಟ್ಟ, ಹಾರುಬೂದಿ ಬೆರೆಸುವುದು, ನೀರಿನ ಪ್ರಮಾಣ ಇಳಿಸಿ ರಂಧ್ರ ಕಡಿಮೆ ಮಾಡುವುದು ಇತರ ಉಪಾಯಗಳು.

ಎರಡನೆಯದು ವಿಳಂಬಿತ ಎಟ್ರಿಂಗೈಟ್ ರಚನೆ. ಹೊಸ ಕಾಂಕ್ರೀಟಿನ ಶಾಖ 70 ಡಿಗ್ರಿ ಮೀರಿದರೆ ಎಟ್ರಿಂಗೈಟ್ ಸರಿಯಾಗಿ ರೂಪುಗೊಳ್ಳದೆ, ಸಲ್ಫೇಟ್ ಸಿಮೆಂಟಿನ ಅಂಟುಪದಾರ್ಥದಲ್ಲಿ ಅಡಗಿ ಕೂರುತ್ತದೆ. ತಿಂಗಳು, ವರ್ಷಗಳ ಬಳಿಕ ತೇವ ಸಿಕ್ಕಾಗ ಅದು ಹೊರಬಂದು ಎಟ್ರಿಂಗೈಟ್ ಆಗುತ್ತದೆ, ಇಡೀ ಕಾಂಕ್ರೀಟು ಹಿಗ್ಗುತ್ತದೆ. ಇಂಥ ಮಾದರಿಯನ್ನು ಸೂಕ್ಷ್ಮದರ್ಶಕದಲ್ಲಿ ನೋಡಿದರೆ ಜಲ್ಲಿ ಮತ್ತು ಮರಳಿನ ಕಣಗಳ ಸುತ್ತ ಉಂಗುರದಂಥ ಬಿರುಕು ಕಾಣುತ್ತದೆ, ಅದರೊಳಗೆ ಎಟ್ರಿಂಗೈಟ್ ತುಂಬಿರುತ್ತದೆ. ಕಣ ದೊಡ್ಡದಾದಷ್ಟೂ ಉಂಗುರ ಅಗಲ. ಬೇಗ ಗಟ್ಟಿಯಾಗಲೆಂದು ಹಬೆಯಲ್ಲಿ ಕಾಯಿಸಿ ತಯಾರಿಸಿದ ರೈಲ್ವೆ ಸ್ಲೀಪರುಗಳು ಯುರೋಪಿನಲ್ಲಿ ಹೀಗೆ ಕೆಟ್ಟದ್ದರಿಂದ 1980ರ ದಶಕದಲ್ಲಿ ಇದರ ಅಧ್ಯಯನ ಗಂಭೀರವಾಯಿತು. ಅಣೆಕಟ್ಟು, ದಪ್ಪ ಅಡಿಪಾಯಗಳಂಥ ದೊಡ್ಡ ಕೆಲಸಗಳಲ್ಲಿ ಮಂಜುಗಡ್ಡೆ ಬೆರೆಸಿ ಕಾಂಕ್ರೀಟನ್ನು ತಂಪಾಗಿಡುವುದಕ್ಕೆ ಇದೂ ಒಂದು ಕಾರಣ.

ಥಾಮಸೈಟ್ ಮಾಡುವ ಹಾನಿ ಬೇರೆ ತೆರನದು. ತಂಪು, ತೇವ, ಕಾರ್ಬೊನೇಟ್ ಮೂರೂ ಇರುವ ಕಡೆ ಅದು ಸಿಮೆಂಟಿನ ಬಲಕ್ಕೆ ಆಧಾರವಾದ ಕ್ಯಾಲ್ಸಿಯಂ ಸಿಲಿಕೇಟನ್ನೇ ತಿಂದುಹಾಕಿ ಕಾಂಕ್ರೀಟನ್ನು ಬಿಳಿಯ ಕೆಸರಿನಂತೆ ಮಾಡುತ್ತದೆ. 1998ರಲ್ಲಿ ಇಂಗ್ಲೆಂಡಿನ ಗ್ಲೋಸ್ಟರ್‌ಶೈರ್‌ನಲ್ಲಿ ಎಂ5 ಹೆದ್ದಾರಿಯ ಸೇತುವೆಗಳ ಅಡಿಪಾಯ ಹೀಗಾದದ್ದು ಬಯಲಾಯಿತು.

ಸುಣ್ಣ ಬೆರೆಸಿ ಗಟ್ಟಿ ಮಾಡಿದ ಮಣ್ಣಿನಲ್ಲಿ ಸಲ್ಫೇಟ್ ಇದ್ದರೆ ಅಲ್ಲೂ ಎಟ್ರಿಂಗೈಟ್ ಬೆಳೆದು ರಸ್ತೆ ಉಬ್ಬುತ್ತದೆ. ಎರೆಮಣ್ಣಿಗೆ ಸುಣ್ಣ ಸೇರಿಸುವುದು ರೂಢಿಯಲ್ಲಿರುವ ಕರ್ನಾಟಕಕ್ಕೂ ಇದು ಸಂಬಂಧಿಸಿದ ವಿಷಯ. ಸಲ್ಫೇಟ್‌ಯುಕ್ತ ಎರೆಮಣ್ಣಿನ ಮೇಲೆ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಅಧ್ಯಯನಗಳು ನಡೆದಿವೆ.

ಗುರುತಿಸುವ ಬಗೆ

ಕ್ಷಕಿರಣ ವಿವರ್ತನೆಯಲ್ಲಿ 0.97 ಮತ್ತು 0.56 ನ್ಯಾನೊಮೀಟರ್ ಅಂತರಗಳ ಪ್ರಬಲ ರೇಖೆಗಳು ಎಟ್ರಿಂಗೈಟಿನ ಗುರುತು. ಥಾಮಸೈಟಿನ ರೇಖೆಗಳು ಇವಕ್ಕೆ ಬಹಳ ಹತ್ತಿರ ಬೀಳುವುದರಿಂದ ಎಚ್ಚರ ಬೇಕು. ಅವಕೆಂಪು ಕಿರಣಗಳ ರೋಹಿತದಲ್ಲಿ ಆರು ಆಕ್ಸಿಜನ್ ನಡುವಿನ ಸಿಲಿಕಾನ್ ಮತ್ತು ಕಾರ್ಬೊನೇಟಿನ ಗುರುತುಗಳು ಕಂಡರೆ ಅದು ಥಾಮಸೈಟ್. ಮಾದರಿ ತಯಾರಿಸುವುದೇ ಸೂಕ್ಷ್ಮ ಕೆಲಸ. ಒಲೆಯಲ್ಲಿ 105 ಡಿಗ್ರಿಗೆ ಒಣಗಿಸಿದರೆ ಹುಡುಕಬೇಕಾದ ಖನಿಜವೇ ನಾಶವಾಗುತ್ತದೆ. ಎಲೆಕ್ಟ್ರಾನ್ ಸೂಕ್ಷ್ಮದರ್ಶಕದ ನಿರ್ವಾತದಲ್ಲೂ ಹರಳು ನೀರು ಕಳೆದುಕೊಂಡು ಅಡ್ಡಡ್ಡ ಬಿರಿಯುತ್ತದೆ.

ಉಪಯೋಗಗಳು ಮತ್ತು ಇಂದಿನ ಸ್ಥಿತಿ

ನೈಸರ್ಗಿಕ ಎಟ್ರಿಂಗೈಟಿಗೆ ಸಂಗ್ರಹಾಲಯದ ಆಚೆ ಉಪಯೋಗವಿಲ್ಲ. ಕೃತಕವಾಗಿ ತಯಾರಿಸಿದ್ದಕ್ಕೆ ಹಲವಿವೆ. ಅರಳಿಸಿದ ಸುಣ್ಣಕ್ಕೆ ಅಲ್ಯೂಮಿನಿಯಂ ಸಲ್ಫೇಟ್ ಬೆರೆಸಿ ಪಡೆಯುವ ಸ್ಯಾಟಿನ್ ವೈಟ್ ಎಂಬ ಬಿಳಿ ವರ್ಣಕ ಬಹುಮಟ್ಟಿಗೆ ಎಟ್ರಿಂಗೈಟೇ. ನುಣುಪಾದ ಹೊಳಪಿನ ಕಾಗದದ ಮೇಲ್ಲೇಪಕ್ಕೆ ಅದು ಬಹುಕಾಲದಿಂದ ಬಳಕೆಯಲ್ಲಿದೆ.

ಹಾನಿಗೆ ಕಾರಣವಾದ ಹಿಗ್ಗುವಿಕೆಯನ್ನು ಹತೋಟಿಯಲ್ಲಿಟ್ಟರೆ ಪ್ರಯೋಜನವೂ ಇದೆ. ಒಣಗುವಾಗ ಕಾಂಕ್ರೀಟು ಕುಗ್ಗುವುದನ್ನು ಸರಿದೂಗಿಸುವ ಹಿಗ್ಗುವ ಸಿಮೆಂಟನ್ನು ಕ್ಯಾಲಿಫೋರ್ನಿಯ ವಿಶ್ವವಿದ್ಯಾಲಯದ ಅಲೆಕ್ಸಾಂಡರ್ ಕ್ಲೈನ್ ರೂಪಿಸಿದರು. ಅದರ ಮುಖ್ಯ ಘಟಕವಾದ ಕ್ಯಾಲ್ಸಿಯಂ ಸಲ್ಫೋಅಲ್ಯೂಮಿನೇಟ್ ಖನಿಜವಾಗಿ ಸಿಗುವುದು ಹತ್ರೂರಿಮ್‌ನಲ್ಲಿ, ಯೆಎಲಿಮೈಟ್ ಎಂಬ ಹೆಸರಿನಲ್ಲಿ. ಚೀನಾದಲ್ಲಿ 1970ರ ದಶಕದಿಂದ ತಯಾರಾಗುತ್ತಿರುವ ಸಲ್ಫೋಅಲ್ಯೂಮಿನೇಟ್ ಸಿಮೆಂಟಿನಲ್ಲಿ ಬಲ ಕೊಡುವ ಮುಖ್ಯ ಪದಾರ್ಥ ಎಟ್ರಿಂಗೈಟೇ. ಇದರ ಕ್ಲಿಂಕರನ್ನು ಸುಮಾರು 1250ರಿಂದ 1300 ಡಿಗ್ರಿಗೆ ಸುಟ್ಟರೆ ಸಾಕು. ಸುಣ್ಣಕಲ್ಲೂ ಕಡಿಮೆ ಬೇಕಾಗುವುದರಿಂದ ಇಂಗಾಲದ ಡೈಆಕ್ಸೈಡ್ ಹೊರಸೂಸುವುದು ಪೋರ್ಟ್‌ಲೆಂಡ್ ಸಿಮೆಂಟಿಗಿಂತ ಕಡಿಮೆ.

ಓಣಿಯ ತಾಣಗಳಲ್ಲಿ ಕ್ರೋಮೇಟ್, ಸೆಲಿನೇಟ್, ಬೋರೇಟ್‌ಗಳನ್ನು ಹಿಡಿದಿಡುವ ಗುಣವನ್ನು ವಿಷಕಾರಿ ತ್ಯಾಜ್ಯವನ್ನು ಬಂಧಿಸಲು ಬಳಸಲಾಗುತ್ತದೆ. ಪಿಎಚ್ ಇಳಿದರೆ ಹಿಡಿದದ್ದೆಲ್ಲ ಮತ್ತೆ ಬಿಡುಗಡೆಯಾಗುವುದು ಇದರ ಮಿತಿ. ನೀರು ಬಿಡುವಾಗ ಶಾಖ ಹೀರಿ, ಮರಳಿ ಪಡೆಯುವಾಗ ಶಾಖ ಬಿಡುವ ಸ್ವಭಾವವನ್ನು ಬಿಸಿಲಿನ ಕಾವು ಕೂಡಿಡಲು ಉಪಯೋಗಿಸುವ ಪ್ರಯೋಗಗಳೂ ನಡೆಯುತ್ತಿವೆ. ನೂರು ಡಿಗ್ರಿಗಿಂತ ಕಡಿಮೆ ಶಾಖದಲ್ಲೇ ಕೆಲಸವಾಗುವುದು ಅದಕ್ಕೆ ಅನುಕೂಲ. ಗಾಳಿಯ ಇಂಗಾಲದ ಡೈಆಕ್ಸೈಡ್ ತಗಲಿ ಪದಾರ್ಥ ಕೆಡದಂತೆ ನೋಡಿಕೊಳ್ಳುವುದು ಸದ್ಯದ ಮುಖ್ಯ ತೊಡಕು.